ಕನ್ಫ್ಯೂಶಿಯಸ್ ಮತ್ತು ತಾವೋ: ಸಾವಿನ ಮನೆಯಲ್ಲಿ ಕಾಣುವ ವ್ಯತ್ಯಾಸ

ಪ್ರಾಚೀನ ಚೀನಾದ ಕನ್ಫ್ಯೂಶಿಯಸ್ ಮತ್ತು ತಾವೋ ಪಂಥಗಳಲ್ಲಿ ಯಾವ ಗುಣಗಳು ಮುಖ್ಯ, ಎರಡೂ ಒಂದಕ್ಕೊಂದು ವಿರುದ್ಧವೇ ಎಂದು ಕೇಳಿದ್ದೀರಿ. ಮನೆಯಲ್ಲಿ ಸಾವಾದಾಗ ಎರಡೂ ಕಡೆಯವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ. ನನಗೆ ಈ ವಿಷಯ ಅರ್ಥವಾಗಿದ್ದೇ ಅಲ್ಲಿಂದ.

ಕನ್ಫ್ಯೂಶಿಯಸ್ (ಕ್ರಿ.ಪೂ. 551–479) ಪ್ರಕಾರ ಹೆತ್ತವರು ತೀರಿಕೊಂಡರೆ ಮಕ್ಕಳು ಮೂರು ವರ್ಷ ಶೋಕ ಆಚರಿಸಬೇಕು. ಒಂದು ವರ್ಷ ಸಾಲದೇ ಎಂದು ಶಿಷ್ಯ ತ್ಸೈ ವೋ ಕೇಳಿದ. ಅಷ್ಟರಲ್ಲೇ ಅನ್ನ ಉಂಡು, ರೇಷ್ಮೆ ಉಟ್ಟರೆ ನಿನಗೆ ನೆಮ್ಮದಿ ಇರುತ್ತದಾ ಎಂದು ಗುರು ಕೇಳಿದ. ಇರುತ್ತದೆ ಅಂದ ಶಿಷ್ಯ. ಹಾಗಾದರೆ ಮಾಡು ಅಂದ ಗುರು. ಶಿಷ್ಯ ಎದ್ದು ಹೋದ ಮೇಲೆ ಗುರು ನೊಂದುಕೊಂಡ: ಮಗು ಅಪ್ಪ ಅಮ್ಮನ ತೋಳಿನಿಂದ ಇಳಿಯಲು ಮೂರು ವರ್ಷ ಬೇಕು, ಅಲ್ವಾ?

ಮುಖ್ಯ ಗುಣಗಳು ಇಲ್ಲೇ ಇವೆ. ಹೆತ್ತವರ ಮೇಲಿನ ಭಕ್ತಿ ‘ಶಿಯಾವ್’. ಶೋಕದ ಕ್ರಮ ‘ಲಿ’. ಆ ಕ್ರಮದೊಳಗೆ ಇರಬೇಕಾದ ಮನುಷ್ಯಪ್ರೀತಿ ‘ರೆನ್’. ಗುರು ಬಲವಂತ ಮಾಡಲಿಲ್ಲ ಗಮನಿಸಿ. ಪ್ರೀತಿ ಇಲ್ಲದ ಆಚರಣೆ ಅವನಿಗೆ ಬೇಕಿರಲಿಲ್ಲ. ಇದನ್ನು ಜನ ಸುಮ್ನೆ ‘ಶಿಸ್ತಿನ ಪಂಥ’ ಅಂದುಬಿಟ್ಟಾಗ ನನಗೆ ಬೇಜಾರಾಗುತ್ತದೆ.

ಇನ್ನು ತಾವೋ ಪಂಥದ ಚುವಾಂಗ್ ತ್ಸು. ಹೆಂಡತಿ ಸತ್ತಾಗ ಗೆಳೆಯ ಹುಯಿ ತ್ಸು ಮಾತಾಡಿಸಿಕೊಂಡು ಹೋಗಲು ಬಂದ. ನೋಡಿದರೆ ಈತ ಕಾಲು ಚಾಚಿ ಕೂತು, ಪಾತ್ರೆ ಬಡಿಯುತ್ತಾ ಹಾಡುತ್ತಿದ್ದಾನೆ! ಅಳದಿದ್ದರೆ ಬೇಡ, ಇದು ಅತಿಯಾಯಿತು ಎಂದು ಗೆಳೆಯ ರೇಗಿದ. ಚುವಾಂಗ್ ತ್ಸು ಹೇಳಿದ: ಮೊದಲು ನನಗೂ ಸಂಕಟವಾಯಿತು, ಆದರೆ ಹುಟ್ಟುವ ಮುಂಚೆ ಅವಳಿಗೆ ಜೀವವೂ ಇರಲಿಲ್ಲ, ರೂಪವೂ ಇರಲಿಲ್ಲ. ನಾಲ್ಕು ಋತುಗಳು ತಿರುಗಿದ ಹಾಗೆ ಬಂದಳು, ಹೋದಳು. ಎಲ್ಲವನ್ನೂ ಹೀಗೆ ನಡೆಸುವ ದಾರಿಯೇ ‘ತಾವೋ’. ಅದರ ಜೊತೆ ಗುದ್ದಾಡದೆ ಬದುಕುವುದು ‘ವು ವೇ’. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ತಾವೋ ಪಂಥದ ಮೂಲ ಗುರು ಎನ್ನಲಾದ ಲಾವೋ ತ್ಸು ಹೆಸರಿನ ಗ್ರಂಥ ಕರುಣೆ, ಮಿತವ್ಯಯ, ಮುಂದೆ ನುಗ್ಗದಿರುವುದು ಈ ಮೂರನ್ನು ಸಂಪತ್ತು ಅನ್ನುತ್ತದೆ.

ವಿರುದ್ಧವೇ? ಮಾತಿನಲ್ಲಿ ಹೌದು, ಜಾಸ್ತಿ ಕಡೆ. ಬದುಕಿನಲ್ಲಿ ಚೀನೀಯರು ಎರಡನ್ನೂ ಇಟ್ಟುಕೊಂಡರು. ಕವಿ ತಾವೋ ಯುವಾನ್‌ಮಿಂಗ್ ಕ್ರಿ.ಶ. 405ರಲ್ಲಿ ತಾವೋ ಪಂಥದವರ ಹಾಗೆ ಸರ್ಕಾರಿ ಹುದ್ದೆ ಬಿಟ್ಟು, ಊರಿಗೆ ಮರಳಿ ಹೊಲ ಗೇಯ್ದ. ಅದೇ ಕವಿ ತನ್ನ ಐವರು ಗಂಡುಮಕ್ಕಳಿಗೆ ಕಾಗದ, ಕುಂಚ, ಅಂದರೆ ಓದುಬರಹ ಕಂಡರೆ ಆಗುವುದಿಲ್ಲ ಎಂದು ಒಂದು ಪದ್ಯದಲ್ಲಿ ಗೋಳಾಡುತ್ತಾನೆ. ಅಲ್ಲಿಯವರೆಗೂ ಅವನು ಕನ್ಫ್ಯೂಶಿಯಸ್ ಕಡೆಯ ಅಪ್ಪ. ಕೊನೆಯ ಸಾಲಿನಲ್ಲಿ ಮಾತ್ರ ತಾವೋ ಪಂಥದ ಕಡೆ ತಿರುಗಿ, ವಿಧಿ ಹೀಗಿದ್ದರೆ ಇರಲಿ, ಬಟ್ಟಲಲ್ಲಿರುವುದನ್ನು ಕುಡಿಯುತ್ತೇನೆ ಅನ್ನುತ್ತಾನೆ.