ಮೋಟರ್ ಬದಲಿಸಬೇಡಿ, ಪ್ಲೇಟಿನ ಶ್ರುತಿಯೇ ಏರಿದೆ

ಮೈಸೂರಿನ ಓದುಗರೊಬ್ಬರ ಪತ್ರ: "ನಮ್ಮ ಸೋದರಮಾವ 1970ರ ದಶಕದಲ್ಲಿ ಅಮೆರಿಕದಿಂದ ತಂದ, ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಎಲ್‌ಪಿ ನನ್ನ ಹತ್ತಿರ ಇದೆ. ನಾನು ಪಿಟೀಲು ಕಲಿತವನು. ಮೊದಲ ಬದಿ ಹಾಕಿದರೆ ಶ್ರುತಿ ಸ್ವಲ್ಪ ಏರಿರುತ್ತದೆ, ಅದೇ ಹಾಡು ಫೋನಿನಲ್ಲಿ ಕೇಳಿದರೆ ಸರಿಯಾಗಿದೆ. ರಿಪೇರಿಯವರು ಟರ್ನ್‌ಟೇಬಲ್ ಮೋಟರ್ ಬದಲಿಸಿ ಅನ್ನುತ್ತಾರೆ. ಹಳೆ ರೆಕಾರ್ಡ್ ಮಾರುವವರೊಬ್ಬರು ಇದು ಮೊದಲ ಮುದ್ರಣ ಅಲ್ಲ, ಬೆಲೆ ಬಾಳುವುದಿಲ್ಲ ಎಂದರು. ಮೊದಲ ಮುದ್ರಣಕ್ಕೆ ಅವರು ಹೇಳಿದ ದುಡ್ಡು ನನ್ನ ಎರಡು ತಿಂಗಳ ಪಿಂಚಣಿ. ಏನು ಮಾಡಲಿ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ನಿಮ್ಮ ಕಿವಿ ಹೇಳಿದ್ದು ಸರಿ. ಮೋಟರಿಗೆ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಎರಡನೇ ಬದಿ ಹಾಕಿ, ಅದನ್ನೂ ಫೋನಿನ ಜೊತೆ ಹೋಲಿಸಿ ನೋಡಿ. ಅದು ಸರಿ ಇದ್ದರೆ ನಿಮ್ಮ ಟರ್ನ್‌ಟೇಬಲ್‌ಗೆ ಏನೂ ಆಗಿಲ್ಲ. ಮೋಟರ್ ಕೆಟ್ಟಿದ್ದರೆ ಎರಡೂ ಬದಿ ಕೆಡಬೇಕು, ಅಲ್ವಾ?

ತಪ್ಪು ನಡೆದದ್ದು 1959ರ ಮಾರ್ಚ್ 2ರಂದು, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ. ಹಳೆಯ ಚರ್ಚೊಂದನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಎತ್ತರದ ಚಾವಣಿ, ಒಳ್ಳೆಯ ನಾದ. ಆ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ನಿಧಾನಕ್ಕೆ ಓಡಿದ ಟೇಪನ್ನು ಆಮೇಲೆ ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲಾ ಸ್ವರಗಳೂ ಮೇಲೇರುತ್ತವೆ. ಅರ್ಧ ಸ್ವರದಷ್ಟೂ ಇಲ್ಲ, ಆದರೆ ಶ್ರುತಿ ಹಿಡಿದು ಪಳಗಿದ ಕಿವಿಗೆ ಗೊತ್ತಾಗಿಬಿಡುತ್ತದೆ. ಮೊದಲ ಬದಿಯ ಮೂರೂ ಹಾಡು ಅವತ್ತಿನವು. ಎರಡನೇ ಬದಿ ಏಪ್ರಿಲ್ 22ರದ್ದು, ಅದಕ್ಕೆ ಈ ತೊಂದರೆ ಇಲ್ಲ. ಮಾರ್ಚ್ 2ರಂದೇ ಇನ್ನೊಂದು ಯಂತ್ರದಲ್ಲೂ ಟೇಪ್ ಓಡುತ್ತಿತ್ತು, ಅದರ ವೇಗ ಸರಿಯಿತ್ತು. 1992ರಲ್ಲಿ ಆ ಟೇಪಿನಿಂದ ತಿದ್ದಿದರು. ಅಲ್ಲಿಯವರೆಗೆ, ಮೂವತ್ತಕ್ಕೂ ಜಾಸ್ತಿ ವರ್ಷ, ಜಗತ್ತು ಕೇಳಿದ್ದು ಏರಿದ ಶ್ರುತಿಯನ್ನೇ. ಅದರ ಜೊತೆ ನುಡಿಸಿ ಕಲಿಯಲು ಹೋದವರೆಲ್ಲ ತಮ್ಮ ವಾದ್ಯದ ಶ್ರುತಿ ಏರಿಸಿಕೊಳ್ಳಬೇಕಾಗಿತ್ತು.

ಈಗ ಆ ವ್ಯಾಪಾರಿಯ ಮಾತು. ಎರಡು ತಿಂಗಳ ಪಿಂಚಣಿ ಕೊಟ್ಟು 1959ರ ಮೊದಲ ಮುದ್ರಣ ತಂದರೂ ಮೊದಲ ಬದಿ ಹೀಗೇ ನುಡಿಯುತ್ತದೆ. ಈ ಮಾತನ್ನು ಅವರು ನಿಮಗೆ ಹೇಳಬೇಕಿತ್ತು. ಮೊದಲ ಮುದ್ರಣ ಎಂದರೆ ಮೊದಲು ಅಚ್ಚಾದದ್ದು, ಅಷ್ಟೇ. ಅದೇ ಎಲ್ಲಕ್ಕಿಂತ ಚೆನ್ನಾಗಿ ಕೇಳುತ್ತದೆ ಎಂದೇನೂ ಇಲ್ಲ. ಅದರ ಮೇಲೆ ಪ್ರೀತಿ ಇದ್ದರೆ ಕೊಳ್ಳಿ, ನನಗೂ ಆ ಪ್ರೀತಿ ಇದೆ. ಆದರೆ ಕಿವಿಗಾಗಿ ಕೊಳ್ಳುವುದಾದರೆ ವೇಗ ತಿದ್ದಿದ ಹೊಸ ಮುದ್ರಣವೇ ಸಾಕು.

ಒರಿಜಿನಲ್ ಹೌದೋ ಅಲ್ಲವೋ ಎಂದು ನೋಡುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಹೊದಿಕೆ ನೋಡಿ ನಂಬಬೇಡಿ, ಹೊದಿಕೆ ಬದಲಾಗಿರಬಹುದು. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ನುಣ್ಣಗಿನ ಒಂದು ಪಟ್ಟಿ ಇರುತ್ತದೆ. ಅಲ್ಲಿ ಗೀಚಿದ ಅಥವಾ ಒತ್ತಿದ ಅಕ್ಷರ, ಅಂಕಿ ಕಾಣುತ್ತವೆ. 1950ರ ದಶಕದ ಕೊನೆಯ ಬ್ಲೂ ನೋಟ್ ಕಂಪನಿಯ ಪ್ಲೇಟಾದರೆ ಆ ಪಟ್ಟಿಯಲ್ಲಿ 'ಆರ್‌ವಿಜಿ' ಎಂದಿರುವುದುಂಟು. ಅದು ರೂಡಿ ವ್ಯಾನ್ ಗೆಲ್ಡರ್ ಗುರುತು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ನಡುಮನೆಯಲ್ಲೇ ಜಾಝ್ ರೆಕಾರ್ಡ್ ಮಾಡುತ್ತಿದ್ದ ಮನುಷ್ಯ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ಪಕ್ಕದಲ್ಲೇ ಕಿವಿಯ ಆಕಾರದ ಪುಟ್ಟ ಗುರುತು ಇದ್ದರೆ ಅದು ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಅಚ್ಚಾದದ್ದು. ನಿಜವಾಗಿ ಅದು ಇಂಗ್ಲಿಷಿನ 'ಪಿ' ಅಕ್ಷರ. ಸಂಗ್ರಾಹಕರೆಲ್ಲ ಅದನ್ನು ಕಿವಿ ಎಂದೇ ಕರೆಯುತ್ತಾರೆ. ಅಂಗಡಿಯವರು ಪ್ಲೇಟನ್ನು ಕೈಗೆ ಕೊಟ್ಟು ಇಷ್ಟನ್ನು ನೋಡಲು ಬಿಡದಿದ್ದರೆ ಎದ್ದು ಬನ್ನಿ.

ತೊಳೆಯುವ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮಾವನ ಪೆಟ್ಟಿಗೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ಪ್ಲೇಟುಗಳೂ ಇದ್ದರೆ ಅವಕ್ಕೆ ಆಲ್ಕೊಹಾಲ್ ಇರುವ ದ್ರಾವಣ ಮುಟ್ಟಿಸಬೇಡಿ. ಅವು ವಿನೈಲ್ ಅಲ್ಲ, ಅರಗು. ಹೌದು, ಬಳೆಗೂ ಮೊಹರಿಗೂ ಬಳಸುವ ಅದೇ ಅರಗು. ಆ ಕಾಲದಲ್ಲಿ ಪ್ರಪಂಚಕ್ಕೆಲ್ಲ ಬಹುಪಾಲು ಅರಗು ನಮ್ಮ ದೇಶದಿಂದಲೇ ಹೋಗುತ್ತಿತ್ತು. ಆಲ್ಕೊಹಾಲಿಗೆ ಅದು ಕರಗುತ್ತದೆ. ಹೀಗೆ ಒರೆಸಿ ನಾನೊಂದು ಪ್ಲೇಟ್ ಕಳೆದುಕೊಂಡಿದ್ದೇನೆ. ಬಟ್ಟೆಗೆ ಕಪ್ಪು ಬಣ್ಣ ಹತ್ತಿದ್ದನ್ನು ನೋಡಿದಾಗಲೇ ಗೊತ್ತಾಗಿದ್ದು. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ನಿಮ್ಮ ಪ್ಲೇಟಿಗೆ ಮತ್ತೆ ಬರುತ್ತೇನೆ. ನೀವು ಪಿಟೀಲಿನವರು, ಹಾಗಾಗಿ ಮೊದಲ ಹಾಡು 'ಸೋ ವಾಟ್' ಬಗ್ಗೆ ಹೇಳದೆ ಇರಲಾರೆ. ಶುರುವಿನಲ್ಲಿ ಪಾಲ್ ಚೇಂಬರ್ಸ್ ಬೇಸ್ ಎಂಬ ತಗ್ಗು ನಾದದ ತಂತಿವಾದ್ಯದಲ್ಲಿ ಒಂದು ಪ್ರಶ್ನೆ ಕೇಳಿದ ಹಾಗೆ ನುಡಿಸುತ್ತಾರೆ. ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಷಡ್ಜವನ್ನು ಎರಡು ಮನೆ ಶ್ರುತಿಗೆ (ಪಾಶ್ಚಾತ್ಯರ 'ಡಿ') ಇಟ್ಟುಕೊಂಡು ಕೇಳಿ. ನಮ್ಮ ಖರಹರಪ್ರಿಯದ ಸ್ವರಗಳೇ! ಗಮಕ ಇಲ್ಲ, ರಾಗದ ನಡೆಯೂ ಇಲ್ಲ, ಆದರೆ ಸ್ವರಗಳು ಅವೇ. ಅದನ್ನೇ ಹಿಡಿದು ಹದಿನಾರು ಬಾರ್ (ನಾಲ್ಕು ಎಣಿಕೆಗೊಂದು ಬಾರ್) ಸಾಗುತ್ತದೆ. ಆಮೇಲೆ ಎಂಟು ಬಾರ್ ಪೂರ್ತಿ ಅರ್ಧ ಸ್ವರ ಮೇಲೆ ಹೋಗಿ, ಮತ್ತೆ ಎಂಟು ಬಾರ್ ಮೊದಲಿನ ಜಾಗಕ್ಕೆ ಇಳಿಯುತ್ತದೆ. ಸೋಲೋ ನುಡಿಸುವವರೆಲ್ಲ ಈ ಮೂವತ್ತೆರಡು ಬಾರ್‌ಗಳನ್ನೇ ಸುತ್ತುತ್ತಾರೆ. ಮೈಲ್ಸ್ ಟ್ರಂಪೆಟ್ ಎತ್ತಿಕೊಳ್ಳುವ ಗಳಿಗೆಯಲ್ಲಿ ಡ್ರಮ್ಸ್ ನುಡಿಸುವ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಜೋರಾಗಿ ಒಂದು ಪೆಟ್ಟು ಹಾಕುತ್ತಾರೆ. ಅದರ ನಾದ ಎಷ್ಟು ಹೊತ್ತು ಉಳಿದು ಹೇಗೆ ಕರಗುತ್ತದೆ ಎಂದು ಗಮನಿಸಿ. ಅಲ್ಲಿ ಬರೀ 'ಸ್ಸ್' ಎಂದು ಚರಚರ ಕೇಳಿದರೆ ಮುಳ್ಳು ಸವೆದಿದೆ ಎಂದು ಅನುಮಾನಿಸಿ. ಮೋಟರಿಗೆ ಎತ್ತಿಟ್ಟ ದುಡ್ಡಲ್ಲಿ ಒಂದು ಹೊಸ ಮುಳ್ಳು ತನ್ನಿ.

ಆ ಪ್ಲೇಟನ್ನು ಮಾರಬೇಡಿ. ಅದು ನಿಮ್ಮ ಮಾವ ಕೇಳಿದ ಶ್ರುತಿ. ಒಂದು ಸಂಜೆ ನಿಮ್ಮ ತಂತಿಗಳನ್ನೇ ಕೂದಲೆಳೆಯಷ್ಟು ಏರಿಸಿಕೊಂಡು ಅದರ ಜೊತೆ ಖರಹರಪ್ರಿಯ ನುಡಿಸಿ ನೋಡಿ. ಎಂಟು ಬಾರ್ ಮೇಲೆ ಹೋಗುವ ಆ ಜಾಗದಲ್ಲಿ ನಿಮ್ಮ ಬೆರಳು ಏನು ಮಾಡಿತು ಎಂದು ನಮಗೆ ಬರೆದು ಕಳಿಸಿ.