ಪ್ರತಿ: ಗೈಲ್ 3.0 ಹಾಕಿದ ಮೇಲೆ ಕಬ್ಬಿನ ಕಾಟಾ ಪ್ರೋಗ್ರಾಂ ಬೀಳ್ತದ
ಕಬ್ಬು ತೂಗೂ ನಿಮ್ಮ ಸಿ ಪ್ರೋಗ್ರಾಂ, ಗೈಲ್ (ಸಿ ಒಳಗ ಸ್ಕೀಮ್ ಭಾಷೆ ನಡಸೂ ಲೈಬ್ರರಿ) 2.2 ಬಿಟ್ಟು 3.0 ಹಾಕಿದ ಮೇಲೆ ಯಾಕ ಬೀಳ್ತದ ಅಂತ ಕೇಳೀರಿ. ಮೊದಲ ಗಾಡಿಗೆ ಬೀಳೂದಿಲ್ಲ, ಹತ್ತಿಪ್ಪತ್ತು ಟ್ರ್ಯಾಕ್ಟರ್ ತೂಕ ಆದ ಮೇಲೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಲ್ಲೂದು) ಅಂತೀರಿ. ಅಂದ್ರ ಇದು ಬಹುತೇಕ ಜಿಸಿ (ಬಳಕೆ ಇಲ್ಲದ ಮೆಮೊರಿ ತಾನ ತೆಗಿಯೂ ಗೈಲ್‌ನ ಭಾಗ) ಕೆಲಸ. ದರ ಲೆಕ್ಕದ ಸ್ಕೀಮ್ ಫಂಕ್ಷನ್ನ ನೀವು ಮ್ಯಾಲಾಕ್ ಮಾಡಿದ (ಸಿ ಕಡೆಯಿಂದ ಬ್ಯಾರೆ ಮೆಮೊರಿ ಕೇಳಿ ಪಡದ) ಸ್ಟ್ರಕ್ಟ್‌ನಾಗ ಇಟ್ಟೀರಿ. ಜಿಸಿ ಸ್ಟ್ಯಾಕು, ಗ್ಲೋಬಲ್ ವೇರಿಯೇಬಲ್ ಎಲ್ಲಾ ಹುಡುಕತದ, ಮ್ಯಾಲಾಕ್ ಜಾಗಾದಾಗ ಮಾತ್ರ ಇಣಕೂದಿಲ್ಲ. ಯಾರಿಗೂ ಬ್ಯಾಡಾದ್ದು ಅಂತ ಒಗದುಬಿಡತದ. 2.2ರಾಗೂ ಈ ತಪ್ಪು ಇತ್ರಿ, ನಿಮ್ಮ ದೈವ ಚಲೋ ಇತ್ತು ಅಷ್ಟ.

ಖಾತ್ರಿ ಮಾಡ್ಕೋಬೇಕಂದ್ರ ಪ್ರತಿ ತೂಕದ ಕೊನೀಗೆ ‘ಎಸ್‌ಸಿಎಂ_ಜಿಸಿ’ ಕರದು ಜಿಸಿನ್ನ ಆಗಲೇ ಓಡಿಸಿ ನೋಡ್ರಿ. ನನ್ನ ಊಹೆ ಖರೇ ಇದ್ರ ಭಾಳ ಲಗೂನ ಬೀಳ್ತದ.

ಆಮೇಲೆ ಆ ಫಂಕ್ಷನ್ ಸ್ಟ್ರಕ್ಟ್‌ಗೆ ಹಾಕೂ ಮುಂಚೆ ‘ಎಸ್‌ಸಿಎಂ_ಜಿಸಿ_ಪ್ರೊಟೆಕ್ಟ್_ಆಬ್ಜೆಕ್ಟ್’ಗೆ ಕೊಡ್ರಿ, ಜಿಸಿ ಅದನ್ನ ಒಗಿಯೂದಿಲ್ಲ. ದರ ಬದಲಾದಾಗ ಹಳೇದಕ್ಕ ಅನ್‌ಪ್ರೊಟೆಕ್ಟ್ ಮರೀಬ್ಯಾಡ್ರಿ, ಇಲ್ಲಾಂದ್ರ ಹಳೇವೆಲ್ಲಾ ಮೆಮೊರಿಯಾಗ ಹಂಗ ಉಳೀತಾವ.

ಹಳೇ ಆಬ್ಜೆಕ್ಟ್ ಫೈಲ್ ಅಳಿಸಿ, ಪಿಕೆಜಿ-ಕಾನ್ಫಿಗ್‌ಗೆ (ಯಾವ ಹೆಡರ್, ಲೈಬ್ರರಿ ಬಳಸಬೇಕು ಅಂತ ತೋರಸೂ ಸಾಧನ) ‘ಗೈಲ್-3.0’ ಅಂತ ಹೇಳಿ ಪೂರಾ ಬಿಲ್ಡ್ ಮಾಡ್ರಿ. ಒಂದ ಮಷಿನ್‌ನಾಗ ಎರಡೂ ಆವೃತ್ತಿ ಇರಬಹುದು, ಹೆಡರ್ ಒಂದರದು ಲೈಬ್ರರಿ ಇನ್ನೊಂದರದು ಆದ್ರ ಫಜೀತಿ.

ಕಾಟಾದ ಸೀರಿಯಲ್ ಪೋರ್ಟ್ ಓದಾಕ ಬ್ಯಾರೆ ಥ್ರೆಡ್ ಅದನೋ ಇಲ್ಲೋ, ನೀವು ಹಾಕಿದ ತುಣುಕಿನಾಗ ಕಾಣಲಿಲ್ಲ. ಇದ್ರ, ಅಲ್ಲಿನ ಗೈಲ್ ಕರೆಗಳನ್ನ ‘ಎಸ್‌ಸಿಎಂ_ವಿತ್_ಗೈಲ್’ ಒಳಗ ಹಾಕ್ರಿ. ಆಗೂ ಬಿದ್ರ ಜಿಡಿಬಿ (ತಪ್ಪು ಹುಡುಕೂ ಸಾಧನ) ಕೊಡೂ ಬ್ಯಾಕ್‌ಟ್ರೇಸ್, ಅಂದ್ರ ಬಿದ್ದಾಗ ಯಾವ ಫಂಕ್ಷನ್ ಯಾವುದನ್ನ ಕರದಿತ್ತು ಅನ್ನೂ ಪಟ್ಟಿ, ಇಲ್ಲೇ ಹಾಕ್ರಿ.