ಕೆಸರಿನ ನಡುವೆ ಕೆಂಪು ಕೌದಿ

(ಸಿಂಧನೂರಿನ ಓದುಗರೊಬ್ಬರು, ನಿವೃತ್ತ ಡ್ರಾಯಿಂಗ್ ಮಾಸ್ತರರು, ಬರೆದ ಪತ್ರದ ಸಾರ: "2009ರ ನೆರೆ ಕುರಿತ ಸಂಚಿಕೆಯ ಮುಖಪುಟ ನೋಡಿ ಬೇಸರವಾಯಿತು. ಮನೆ ಬಿದ್ದಿದೆ, ಅಳಿದುಳಿದ ಗೋಡೆ ಮೇಲೆ ಹೆಣ್ಣುಮಗಳೊಬ್ಬಳು ಬಣ್ಣಬಣ್ಣದ ಕೌದಿ ಒಣಹಾಕುತ್ತಿದ್ದಾಳೆ. ಜಾತ್ರೆಯ ಫೋಟೊ ಇದ್ದ ಹಾಗಿದೆ. ಕಷ್ಟದ ಚಿತ್ರ ಕಪ್ಪು-ಬಿಳುಪಿನಲ್ಲೇ ಇರಬೇಕಿತ್ತು. ಕೆಂಪು ಅಂದರೆ ಅಪಾಯ, ಹಸಿರು ಅಂದರೆ ಭರವಸೆ ಎಂದು ಮಕ್ಕಳಿಗೆ ಕಲಿಸಿದವನು ನಾನು. ಇಲ್ಲಿ ಯಾವ ಬಣ್ಣಕ್ಕೂ ಆ ಅರ್ಥ ಹೊಂದುತ್ತಿಲ್ಲ. ಅದೂ ಅಲ್ಲದೆ, ಜನರ ಛಲವನ್ನು ಹೀಗೆ ಹೊಗಳುತ್ತಾ ಹೋದರೆ ಪರಿಹಾರ ಕೊಡಬೇಕಾದವರು ಆರಾಮಾಗಿ ಇದ್ದುಬಿಡುತ್ತಾರೆ.")

ಮಾಸ್ತರರೇ, ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ನಮ್ಮ ಬಳ್ಳಾರಿ ಕಚೇರಿಯಲ್ಲಿ ಚಹಾ ಆರುವವರೆಗೂ ವಾದ ನಡೆಯಿತು. ಅರ್ಧ ಜನ ನಿಮ್ಮ ಕಡೆ. ನಾನು ಚಿತ್ರದ ಕಡೆ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಆ ಕೌದಿಯ ವಿಚಾರ. 2009ರಲ್ಲಿ ವಿಜಯದಶಮಿ ಸೆಪ್ಟೆಂಬರ್ 28ಕ್ಕೆ ಬಂದಿತ್ತು. ಮಹಾನವಮಿಗೆ ಮುಂಚೆ ನಮ್ಮ ಕಡೆ ಮನೆಗೆ ಸುಣ್ಣ ಹಚ್ಚುತ್ತಾರೆ. ಹಾಸಿಗೆ, ಹೊದಿಕೆ, ಕೌದಿ ಎಲ್ಲ ಗಂಟು ಕಟ್ಟಿ ಹೊಳೆಗೋ ಹಳ್ಳಕ್ಕೋ ಒಯ್ದು ಒಗೆದು ತರುತ್ತಾರೆ. ನಿಮಗೆ ಹೇಳಬೇಕಾಗಿಲ್ಲ. ಆ ವರ್ಷ ದೇಶದ ತುಂಬ ಮುಂಗಾರು ಕೈಕೊಟ್ಟಿತ್ತು, ವಾಡಿಕೆಗಿಂತ ಶೇಕಡಾ 22ರಷ್ಟು ಕಡಿಮೆ ಮಳೆ. ಎಲ್ಲರ ಬಾಯಲ್ಲೂ ಬರದ ಮಾತು. ಹಬ್ಬ ಮುಗಿಯಿತು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು, ಮಳೆ ಹಿಡಿದದ್ದು ಬಿಡಲೇ ಇಲ್ಲ. ಅಕ್ಟೋಬರ್ 2ಕ್ಕೆ ಗಡಿಯಾಚೆ, ತುಂಗಭದ್ರೆ ದಂಡೆಯ ಮಂತ್ರಾಲಯವೇ ನೀರಿನಲ್ಲಿತ್ತು. ಈಚೆ ಸಿರುಗುಪ್ಪ, ಮಾನ್ವಿ, ರಾಯಚೂರು ತಾಲ್ಲೂಕುಗಳ ಹೊಳೆ ದಂಡೆಯ ಊರುಗಳ ಪಾಡು ನೀವೇ ಕಂಡಿದ್ದೀರಿ. ಇಡೀ ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಮಣ್ಣಿನ ಮಾಳಿಗೆ ಮನೆಗಳು ಹೊಳೆಗೆ ಕಾಯಲೂ ಇಲ್ಲ, ಮೇಲಿನ ಮಳೆಗೇ ನೆನೆದು ಕೂತುಬಿಟ್ಟವು.

ಅಂದರೆ ಆ ಹೆಣ್ಣುಮಗಳು ಒಣಹಾಕುತ್ತಿರುವುದು ಹಬ್ಬಕ್ಕೆಂದು ಆಗಲೇ ಒಗೆದಿದ್ದ ಕೌದಿ. ಅದೇ ಹೊಳೆಯ ನೀರಿನಲ್ಲಿ ಕೊಳೆ ಹೋಗಿತ್ತು, ಅದೇ ಹೊಳೆ ಮನೆಯೊಳಗೆ ಬಂದು ಕೆಸರು ತುಂಬಿತು. ಈಗ ಎರಡನೇ ಸಲ.

ನೆರೆ ಇಳಿದ ಊರಿನಲ್ಲಿ ಬಣ್ಣವೇ ಇರುವುದಿಲ್ಲ. ಬಾಗಿಲು, ಬಂಡಿ, ಎತ್ತು, ಕೊಡ, ಪುಸ್ತಕ, ದೇವರ ಪಟ, ಎಲ್ಲಕ್ಕೂ ಒಂದೇ ಕೆಸರಿನ ಬಣ್ಣ. ಅಂಥ ಊರಿನ ಫೋಟೊದಲ್ಲಿ ಎಲ್ಲಾದರೂ ಕೆಂಪೋ ಹಳದಿಯೋ ಕಂಡರೆ ಅದು ತಾನಾಗಿ ಉಳಿದದ್ದಲ್ಲ. ಯಾರೋ ನೀರು ಹೊತ್ತು ತಂದಿದ್ದಾರೆ, ಒಗೆದಿದ್ದಾರೆ, ಹಿಂಡಿದ್ದಾರೆ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಕಿ ಹೊಲಿದ ಕೌದಿ ನೀರು ಕುಡಿದರೆ ಒಬ್ಬರು ಎತ್ತಲು ಆಗುವುದಿಲ್ಲ. ಹಿಂಡಲು ಎರಡು ಕಡೆ ಇಬ್ಬರು ಬೇಕು. ಮುಖಪುಟ ಇನ್ನೊಮ್ಮೆ ನೋಡಿ. ಎಡಗಡೆ ಅಂಚಿನಲ್ಲಿ ಕೌದಿಯ ಇನ್ನೊಂದು ತುದಿ ಹಿಡಿದ ಕೈಯೊಂದಿದೆ, ಹಸಿರು ಬಳೆಯ ಕೈ. ಮುಖ ಇಲ್ಲ. ನನಗಂತೂ ಇಡೀ ಚಿತ್ರದಲ್ಲಿ ಹೆಚ್ಚು ಹಿಡಿಸಿದ್ದು ಆ ಕೈ. ಅವಳು ಮಗಳೋ, ಸೊಸೆಯೋ, ಪಕ್ಕದ ಮನೆಯಾಕೆಯೋ. ಪಕ್ಕದ ಮನೆಯಾಕೆಯಾಗಿದ್ದರೆ ತನ್ನ ಮನೆ ಕೆಸರು ಬಿಟ್ಟು ಬಂದಿದ್ದಾಳೆ ಅಂತಾಯಿತು.

ಹಾಗಾಗಿ ಈ ಬಣ್ಣ ನನಗೆ ಅಲಂಕಾರವಾಗಿ ಕಾಣುವುದಿಲ್ಲ. ಅಲ್ಲಿ ಆಗಿರುವ ಕೆಲಸ ಎಷ್ಟು ಎನ್ನುವುದು ಬಣ್ಣದಿಂದಲೇ ಗೊತ್ತಾಗುತ್ತದೆ. ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದೆವು, ಸುಮ್ನೆ ಪರೀಕ್ಷೆಗೆ. ಕೌದಿ ಬೂದು, ಕೆಸರೂ ಬೂದು. ಒಗೆದದ್ದಕ್ಕೂ ಒಗೆಯದ್ದಕ್ಕೂ ವ್ಯತ್ಯಾಸವೇ ಇಲ್ಲ. ಅವಳ ದುಡಿಮೆಯೇ ಚಿತ್ರದಿಂದ ಕಾಣೆಯಾಯಿತು.

ಕೆಂಪು ಅಪಾಯ, ಹಸಿರು ಭರವಸೆ ಎಂಬ ಪಾಠದ ಬಗ್ಗೆ. ಸಿಗ್ನಲ್ ದೀಪಕ್ಕೆ ಆ ಪಾಠ ಸರಿ. ಹೊಳೆ ದಂಡೆಯ ಊರಿಗೆ ಬೇರೆ ಲೆಕ್ಕ ಅಲ್ವಾ? ನಮ್ಮ ಕಡೆ ಕೆಂಪು ಅಂದರೆ ಇಳಕಲ್ ಸೀರೆಯ ಸೆರಗು, ಕುಂಕುಮ, ಹಬ್ಬ. ಕೌದಿಯಲ್ಲಿ ಕೆಂಪು ತುಂಡು ಇದ್ದರೆ ಯಾರೋ ಅಜ್ಜಿಯ ಸೀರೆ ಇರಬೇಕು ಎಂದು ನೋಡಿದವರು ತಾವೇ ಹೇಳುತ್ತಾರೆ. ಮನೆ ಹೋದರೂ ಮನೆತನ ಹೊದಿಕೆಯಾಗಿ ಉಳಿದಿದೆ.

ಇನ್ನು ಹಸಿರು. ಗೋಡೆ ಬುಡದಲ್ಲಿ ಒಂದು ಗೋಣಿಚೀಲ ಇದೆ, ಅದರ ಬಾಯಿಂದ ಹಸಿರು ಇಣುಕುತ್ತಿದೆ. ನೀವು ಗಿಡ ಎಂದುಕೊಂಡಿರಬಹುದು. ಅದು ಜೋಳ, ಮಾಸ್ತರರೇ. ವರ್ಷದ ಊಟಕ್ಕೆ ಇಟ್ಟ ಜೋಳ ನೆನೆದು ಚೀಲದಲ್ಲೇ ಮೊಳಕೆ ಒಡೆದಿದೆ. ಪೇಟೆಯವರು ಆ ಮೊಳಕೆ ನೋಡಿ "ಹೊಸ ಬದುಕು" ಎಂದು ಶೀರ್ಷಿಕೆ ಕೊಟ್ಟಾರು. ರೈತರ ಮನೆಯವರು ನೋಡಿದರೆ ಇನ್ನು ಉಣ್ಣಲು ಏನೂ ಇಲ್ಲ ಎಂದು ಗೊತ್ತಾಗುತ್ತದೆ. ಈ ಚಿತ್ರದಲ್ಲಿ ಅತ್ಯಂತ ದುಃಖದ ಬಣ್ಣ ಅದೇ.

ನೀಲಿ, ತಾಡಪತ್ರಿಯದು. ಎಲ್ಲಿ ನೀಲಿ ತಾಡಪತ್ರಿ ಇದೆಯೋ ಅಲ್ಲಿ ಮಾಳಿಗೆ ಇಲ್ಲ ಎಂದೇ ಅರ್ಥ. ಬಿಳಿ, ಹಬ್ಬಕ್ಕೆ ಹಚ್ಚಿದ ಸುಣ್ಣ. ಅದು ಗೋಡೆಯ ಮೇಲ್ಭಾಗದಲ್ಲಿ ಮಾತ್ರ ಉಳಿದಿದೆ. ಕೆಳಗೆ ಕಂದು. ಎರಡರ ನಡುವಿನ ಗೆರೆ ನೀರು ನಿಂತ ಎತ್ತರ. ಹೆಣ್ಣುಮಗಳ ತಲೆಗಿಂತ ಆ ಗೆರೆ ಮೇಲಿದೆ. ಎಷ್ಟು ನೀರು ಬಂದಿತ್ತು ಎಂದು ನಾವು ಅಕ್ಷರದಲ್ಲಿ ಬರೆಯಲಿಲ್ಲ. ಗೋಡೆಯೇ ಹೇಳುತ್ತಿತ್ತು.

ಕಪ್ಪು-ಬಿಳುಪು ಜಾಸ್ತಿ ಗಂಭೀರ ಎಂಬ ನಂಬಿಕೆ ನಮ್ಮ ಕಸುಬಿನಲ್ಲೂ ಇದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲಕ್ಕೆ ಸತ್ತ ಮಗುವೊಂದನ್ನು ಮಣ್ಣು ಮಾಡುವಾಗ ರಘು ರಾಯ್ ತೆಗೆದದ್ದು ಕಪ್ಪು-ಬಿಳುಪು. ಅದೇ ಮಗುವನ್ನು ಪಾಬ್ಲೊ ಬಾರ್ತೊಲೊಮ್ಯೂ ಬಣ್ಣದಲ್ಲಿ ತೆಗೆದರು. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ವರ್ಷದ ಚಿತ್ರವಾಗಿ ಆಯ್ಕೆಯಾದದ್ದು ಬಣ್ಣದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಣ್ಣ ಇದ್ದುದರಿಂದ ದುಃಖ ಕಡಿಮೆಯಾಯಿತು ಎಂದು ಯಾರೂ ಹೇಳಲಾರರು. ಆದರೆ ಆ ಮಗುವಿಗೆ ಮಾಡಲು ಇನ್ನೇನೂ ಉಳಿದಿರಲಿಲ್ಲ. ಸಾವಿನ ಚಿತ್ರಕ್ಕೆ ಕಪ್ಪು-ಬಿಳುಪು ಸಾಕಾದೀತು. ಬದುಕಿ ಕೆಲಸಕ್ಕೆ ನಿಂತವರ ಚಿತ್ರಕ್ಕೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಗೂ ಇದರ ಹಳೆಯ ಲೆಕ್ಕ ಒಂದಿದೆ. 1876-78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ತೀರಾ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಬರದ ಜನರನ್ನು ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕ್ಯಾಮೆರಾದಲ್ಲಿ ಸೆರೆಹಿಡಿದ. ಎಲುಬು ಕಾಣುವ ಜನರನ್ನು ಗುಂಪಾಗಿ ಕೂರಿಸಿ, ನಿಲ್ಲಿಸಿ ತೆಗೆದ ಚಿತ್ರಗಳು. ಆಗ ಬಣ್ಣದ ಫೋಟೊ ಬಳಕೆಗೆ ಬಂದಿರಲಿಲ್ಲ, ಅದು ಅವನ ತಪ್ಪಲ್ಲ. ಆದರೆ ಆ ಚಿತ್ರಗಳಲ್ಲಿ ಯಾರ ಕೈಯಲ್ಲೂ ಕೆಲಸ ಇಲ್ಲ. ನೋಡುವವರು ಅಯ್ಯೋ ಅನ್ನಲಿಕ್ಕಷ್ಟೇ ಅವರು ಅಲ್ಲಿದ್ದಾರೆ. ನಮ್ಮ ಮುಖಪುಟದ ಹೆಣ್ಣುಮಗಳು ಕ್ಯಾಮೆರಾ ಕಡೆ ನೋಡುತ್ತಲೇ ಇಲ್ಲ. ಅವಳಿಗೆ ಪುರಸೊತ್ತಿಲ್ಲ.

ಈಗ ನಿಮ್ಮ ಕೊನೆಯ ಮಾತು, ಪರಿಹಾರದ್ದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. 1983ರಲ್ಲಿ ಗುಜರಾತಿನ ಪೋರಬಂದರಿನಲ್ಲಿ ಸ್ಟೀವ್ ಮೆಕ್ಕರಿ ತೆಗೆದ ಚಿತ್ರ ನೋಡಿರುತ್ತೀರಿ. ಕುತ್ತಿಗೆ ಮಟ್ಟದ ನೀರು, ಹೆಗಲ ಮೇಲೆ ಹೊಲಿಗೆ ಯಂತ್ರ ಹೊತ್ತ ಮುದುಕ ದರ್ಜಿ, ಮುಖದಲ್ಲಿ ನಗು. ಚಿತ್ರ ಅಚ್ಚಾದ ಮೇಲೆ ಆ ಯಂತ್ರದ ಕಂಪನಿಯವರು ಅವನಿಗೆ ಹೊಸದೊಂದನ್ನು ಕಳಿಸಿಕೊಟ್ಟರು. ಒಳ್ಳೆಯದಾಯಿತು. ಆದರೆ ಅದೇ ನೀರಿನಲ್ಲಿದ್ದ, ನಗದೇ ಇದ್ದ ಮಿಕ್ಕ ಜನರಿಗೆ ಯಾರು ಕಳಿಸಿದರು? ನಗುವವರ ಫೋಟೊ ಬೇಗ ಊರೂರು ಸುತ್ತುತ್ತದೆ. ಅಳುವವರಿಗೆ, ಸಿಟ್ಟಾದವರಿಗೆ, ಕಚೇರಿ ಮುಂದೆ ಸಾಲು ನಿಂತವರಿಗೆ ಮುಖಪುಟ ಸಿಗುವುದು ಅಪರೂಪ. 2009ರ ನಂತರ ಸರ್ಕಾರ, ದಾನಿಗಳು ಸೇರಿ "ಆಸರೆ" ಮನೆಗಳನ್ನು ಕಟ್ಟಿಸಿದರು. ಕೆಲವು ಕಡೆ ಹೊಲ ದೂರವಾಯಿತೆಂದು, ದನ ಕಟ್ಟಲು ಜಾಗವಿಲ್ಲವೆಂದು ಜನ ಹೋಗಲೇ ಇಲ್ಲ. ಆ ಖಾಲಿ ಮನೆಗಳ ಚಿತ್ರವೂ ನೆರೆಯ ಚಿತ್ರವೇ. ನಮ್ಮ ಸಂಚಿಕೆಯಲ್ಲಿ ಅದು ಒಳಪುಟದಲ್ಲಿದೆ, ಯಾರೂ ಅದರ ಬಗ್ಗೆ ಪತ್ರ ಬರೆದಿಲ್ಲ!

ಒಂದು ವಿಷಯ ಮಾತ್ರ ಗಮನಿಸಿ. ಮುಖಪುಟದಲ್ಲಿ ನಾವು "ಛಲ" ಎಂಬ ಪದ ಹಾಕಿಲ್ಲ. "ನೆರೆ ಇಳಿದ ಮೇಲೆ, 2009" ಎಂದಷ್ಟೇ ಇದೆ. ಆ ಮಾತು ನಿಮಗೆ ಚಿತ್ರದಿಂದಲೇ ಹೊಳೆಯಿತು.

ಪುಟ ವಿನ್ಯಾಸ ಮಾಡುವ ನಮ್ಮ ಹುಡುಗನಿಗೆ ಕೌದಿಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡುವ ಆಸೆ ಇತ್ತು. ಕೆಂಪನ್ನು ಇನ್ನೂ ಸ್ವಲ್ಪ ಏರಿಸಿದರೆ ಅಂಗಡಿಯಲ್ಲಿ ಎದ್ದು ಕಾಣುತ್ತದೆ ಎಂದ. ಬೇಡ ಎಂದೆ. ಕತ್ತರಿಸಿದ್ದರೆ ತಾಡಪತ್ರಿ, ಜೋಳದ ಚೀಲ, ನೀರಿನ ಗೆರೆ ಮೂರೂ ಹೋಗುತ್ತಿದ್ದವು. ಆಗ ನಿಮ್ಮ ಜಾತ್ರೆಯ ಆರೋಪ ನಿಜವಾಗುತ್ತಿತ್ತು. ಕೆಂಪು ಏರಿಸಿದರೆ ಕೆಸರು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಮೈಬಣ್ಣವೂ ಕೆಂಪೇರುತ್ತದೆ. ಬೇರೆ ಪತ್ರಿಕೆಗಳ ನೆರೆ ಚಿತ್ರ ನೋಡುವಾಗಲೂ ಹೀಗೇ ಪರೀಕ್ಷೆ ಮಾಡಿ. ಕಣ್ಣು ಮೊದಲು ಬಟ್ಟೆ ಮೇಲೆ ಹೋಗುತ್ತದೆ. ಅದನ್ನು ಬಿಟ್ಟು ಕೆಸರು ನೋಡಿ. ಕೆಸರು ಚೆಂದ ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದು ಅನುಮಾನ ಪಡಬಹುದು.

ಪತ್ರದ ಹಿಂಬದಿಯಲ್ಲಿ ನೀವು ಸಣ್ಣ ಅಕ್ಷರದಲ್ಲಿ ಬರೆದ ವಿಷಯವನ್ನು ನೀವೇ ದೊಡ್ಡದೆಂದು ತಿಳಿದಂತಿಲ್ಲ. ಪರಿಹಾರ ಕೇಂದ್ರವಾಗಿದ್ದ ನಿಮ್ಮ ಶಾಲೆಯಲ್ಲಿ ಮಕ್ಕಳಿಗೆ ಕಾಗದ, ಬಣ್ಣದ ಕಡ್ಡಿ ಕೊಟ್ಟು ಹೊಳೆ ಬರೆಯಲು ಹೇಳಿದ್ದಿರಂತೆ. ಕೆಂಪು ನೀರು ಮನೆಯೊಳಗೆ ನುಗ್ಗಿದ್ದನ್ನು ಕಣ್ಣಾರೆ ಕಂಡ ಮಕ್ಕಳು, ಒಬ್ಬರೂ ಬಿಡದೆ, ಹೊಳೆಗೆ ನೀಲಿ ಬಣ್ಣ ಹಚ್ಚಿದರಂತೆ. ಅದು ಭಯವೋ, ಮರೆವೋ, ಹೊಳೆ ಅಂದರೆ ನೀಲಿ ಎಂದು ನೀವು ಕಲಿಸಿದ ಪಾಠವೋ? ಸಿಟ್ಟಾಗಬೇಡಿ, ತಮಾಷೆಗೆ ಕೇಳಿದೆ. ಆ ಹಾಳೆಗಳು ಇನ್ನೂ ನಿಮ್ಮ ಟ್ರಂಕಿನಲ್ಲಿ ಇದ್ದರೆ ದಯವಿಟ್ಟು ಕಳಿಸಿಕೊಡಿ. ಮಕ್ಕಳ ಹೆಸರು ಹಾಕುವುದಿಲ್ಲ, ಅಂಚು ಕತ್ತರಿಸುವುದಿಲ್ಲ, ಬಣ್ಣ ಮುಟ್ಟುವುದಿಲ್ಲ. ಕೊರಿಯರ್ ಖರ್ಚು ನಮ್ಮದು. ಅಚ್ಚಾದ ಮೇಲೆ ಜೋಪಾನವಾಗಿ ವಾಪಸ್ ತಲುಪಿಸುತ್ತೇವೆ.

— ಸಂಪಾದಕ